ಮೈಕ್ ಇಡುವ ಮೊದಲು ಕುರ್ಚಿ ಇಡಬೇಕು

ಬೀಥೋವನ್‌ನ ಐದನೆಯ ಸಿಂಫನಿಯನ್ನು ಧ್ವನಿಮುದ್ರಿಸಲು ಕುಳಿತವನ ಕಿವಿಯಲ್ಲಿ ಅದಾಗಲೇ ಹತ್ತಾರು ಮುದ್ರಣಗಳು ತುಂಬಿಕೊಂಡಿರುತ್ತವೆ. ಟಿಂಪನಿ ಎಷ್ಟು ಗುಡುಗಬೇಕು, ಓಬೋ ಎಷ್ಟು ಮುಂದೆ ಬರಬೇಕು ಎಂಬುದು ಅವನಿಗೂ ಗೊತ್ತು, ಕೇಳುಗನಿಗೂ ಗೊತ್ತು. ನನ್ನ ಕಸುಬಿನಲ್ಲಿ ಆ ಆಸರೆ ಇಲ್ಲ. ಅಮೆರಿಕದ ಈಗಿನ ಸಂಯೋಜಕರು ವಾದ್ಯವೃಂದಕ್ಕೂ ಗಾಯಕವೃಂದಕ್ಕೂ ಬರೆದ ಕೃತಿಗಳನ್ನು, ಬಹುತೇಕ ಮೊದಲ ಸಲ, ಧ್ವನಿಮುದ್ರಿಸುವುದು ನಾನು ಮ್ಯಾಸಚೂಸೆಟ್ಸ್‌ನಲ್ಲಿ ಹಲವು ವರ್ಷಗಳಿಂದ ಮಾಡಿಕೊಂಡು ಬಂದಿರುವ ಕೆಲಸ. ನುಡಿಸುವವರು ಆ ಕೃತಿಯನ್ನು ಒಂದೋ ಎರಡೋ ಬಾರಿ ಕಚೇರಿಯಲ್ಲಿ ನುಡಿಸಿರುತ್ತಾರೆ. ಬರೆದವರು ಅದನ್ನು ತಮ್ಮ ತಲೆಯೊಳಗೆ ಕೇಳಿರುತ್ತಾರೆ, ಇಲ್ಲವೇ ಕಂಪ್ಯೂಟರ್ ನುಡಿಸಿದ ಅಣಕು ಧ್ವನಿಯಲ್ಲಿ. ನಾವು ಹೊರತಂದ ಮುದ್ರಣವೇ ಮುಂದೆ ಎಷ್ಟೋ ವರ್ಷ ಆ ಕೃತಿಯ ಏಕೈಕ ರೂಪವಾಗಿ ಉಳಿಯುತ್ತದೆ. ಎರಡನೆಯ ಮುದ್ರಣಕ್ಕೆ ಹಣ ಹಾಕುವವರು ಅಪರೂಪ. ಅದರಲ್ಲಿ ಸಾಹಿತ್ಯ ಕೇಳಿಸದೆ ಹೋದರೆ ಆ ಕೃತಿಗೆ ಸಾಹಿತ್ಯವೇ ಇಲ್ಲದಂತೆ.

ಹಾಗಾಗಿ ಬೇರೆ ಎಂಜಿನಿಯರುಗಳು ಮೈಕುಗಳ ಬಗ್ಗೆ ಮಾತನಾಡುವಷ್ಟು ಹೊತ್ತು ನಾನು ಕುರ್ಚಿಗಳ ಬಗ್ಗೆ ಮಾತನಾಡುತ್ತೇನೆ. ಯಾರು ಎಲ್ಲಿ ಕೂರುತ್ತಾರೆ, ಯಾರ ಬೆನ್ನು ಯಾವ ಗೋಡೆಗೆ, ಗಾಯಕರ ಮುಂದೆ ಎಷ್ಟು ಖಾಲಿ ನೆಲ ಇದೆ. ಇದು ಸರಿಹೋದರೆ ಮೈಕನ್ನು ಅರ್ಧ ಅಡಿ ಅತ್ತ ಇಟ್ಟರೂ ಇತ್ತ ಇಟ್ಟರೂ ಪ್ರಪಂಚ ಮುಳುಗುವುದಿಲ್ಲ. ಇದು ಕೆಟ್ಟರೆ ಎಂಥ ದುಬಾರಿ ಮೈಕೂ ಆ ಕೇಡನ್ನೇ ಇನ್ನಷ್ಟು ಸ್ಪಷ್ಟವಾಗಿ ಹಿಡಿದುಕೊಡುತ್ತದೆ.

ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಬೆಂಗಳೂರಿನಲ್ಲಿ ಕರ್ನಾಟಕ ಸಂಗೀತದ ಧ್ವನಿಮುದ್ರಣ ಮಾಡುತ್ತಿದ್ದವನು ನಾನು. ಅಲ್ಲಿ ನಮ್ಮ ಕ್ರಮ ಬೇರೆ. ಗಾಯಕರಿಗೆ ಒಂದು ಮೈಕ್, ಪಿಟೀಲಿಗೆ ಒಂದು, ಮೃದಂಗದ ಬಲಕ್ಕೊಂದು ಎಡಕ್ಕೊಂದು, ತಂಬೂರಿಗೆ ಒಂದು. ಎಲ್ಲವೂ ಹತ್ತಿರ. ಕೋಣೆಯ ಧ್ವನಿ ಒಳಗೆ ಬಾರದಂತೆ ನೋಡಿಕೊಳ್ಳುವುದೇ ಜಾಣತನ. ಇಲ್ಲಿಗೆ ಬಂದ ಮೇಲೆ ಆ ಅಭ್ಯಾಸವನ್ನು ಬಿಡಲು ಕಾಲ ಹಿಡಿಯಿತು. 80 ಜನ ನುಡಿಸಿ 90 ಜನ ಹಾಡುವಾಗ ಅವರನ್ನು ಒಂದು ಮಾಡುವುದು ಮಿಕ್ಸರಿನ ಗುಂಡಿಯಲ್ಲ, ಅವರ ನಡುವಿನ ಗಾಳಿ. ಹತ್ತಿರ ಹೋದಷ್ಟೂ ವೃಂದ ಒಡೆದು ಒಬ್ಬೊಬ್ಬರಾಗಿ ಕೇಳಿಸತೊಡಗುತ್ತಾರೆ.

ಈ ಪಾಠವನ್ನು ಅಮೆರಿಕದ ಸಂಗೀತದ ಮೇಲೆಯೇ ಪ್ರಯೋಗಿಸಿ ತೋರಿಸಿದವರು ಮರ್ಕ್ಯುರಿ ಧ್ವನಿಮುದ್ರಿಕೆ ಕಂಪನಿಯ ಎಂಜಿನಿಯರ್ ಸಿ. ರಾಬರ್ಟ್ ಫೈನ್. 1951ರಲ್ಲಿ ಅವರು ಷಿಕಾಗೋ ಸಿಂಫನಿ ವಾದ್ಯವೃಂದವನ್ನು ಒಂದೇ ಒಂದು ಮೈಕಿನಿಂದ ಮುದ್ರಿಸಿದರು. ಸ್ಟೀರಿಯೊ ಬಂದ ಮೇಲೆ ಮೂರು ಮೈಕ್. ಅದಕ್ಕಿಂತ ಹೆಚ್ಚು ಬೇಡ ಎಂಬುದು ಅವರ ಹಟ. ಅದೇ ಕ್ರಮದಲ್ಲಿ ರೋಚೆಸ್ಟರ್‌ನ ಈಸ್ಟ್‌ಮನ್ ಥಿಯೇಟರಿನಲ್ಲಿ ಹೋವರ್ಡ್ ಹ್ಯಾನ್ಸನ್ ನಿರ್ದೇಶನದಲ್ಲಿ ಅಮೆರಿಕದ ಕೃತಿಗಳ ದೊಡ್ಡ ಸಾಲೇ ಹೊರಬಂತು. ಹ್ಯಾನ್ಸನ್ ಸ್ವತಃ ಸಂಯೋಜಕರು, 1924ರಿಂದ 1964ರವರೆಗೆ ಈಸ್ಟ್‌ಮನ್ ಸಂಗೀತ ಶಾಲೆಯ ಮುಖ್ಯಸ್ಥರು. ಅಮೆರಿಕದ ಕವಿ ವಾಲ್ಟ್ ವಿಟ್ಮನ್‌ನ ಸಾಲುಗಳಿಗೆ ಅವರು ರಾಗ ಹಾಕಿದ ‘ಸಾಂಗ್ ಆಫ್ ಡೆಮಾಕ್ರಸಿ’ಯ ಮುದ್ರಣವನ್ನು ನಾನು ಹೊಸ ಸಹಾಯಕರಿಗೆ ಕೇಳಿಸುತ್ತೇನೆ. ಅಷ್ಟು ಕಡಿಮೆ ಮೈಕಿನಲ್ಲಿ ಮಾಡಿದ್ದೆಂದರೆ ತಿದ್ದುವ ಅವಕಾಶವೇ ಇರಲಿಲ್ಲ. ಜನರನ್ನು ಸರಿಯಾಗಿ ಕೂರಿಸಿ ನಿಲ್ಲಿಸಿದರಷ್ಟೇ ಗತಿ.

ಆದರೂ ನಾನು ಆ ಪಂಥದವನಲ್ಲ. ಮೂರು ಮೈಕಿನ ಶುದ್ಧ ಸಂಪ್ರದಾಯ ನಡೆಯುವುದು ತನ್ನನ್ನು ತಾನೇ ತೂಗಿಕೊಳ್ಳುವ ಸಂಗೀತಕ್ಕೆ. ಸ್ಟೀವ್ ರೈಷ್ 1984ರಲ್ಲಿ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ಪದ್ಯಗಳಿಗೆ ಬರೆದ ‘ದಿ ಡೆಸರ್ಟ್ ಮ್ಯೂಸಿಕ್’ನಲ್ಲಿ ಗಾಯಕರ ಧ್ವನಿಗೆ ಮೈಕ್ ಬೇಕೆಂದು ಸಂಯೋಜಕರೇ ಗೊತ್ತುಪಡಿಸಿದ್ದಾರೆ. ಅಲ್ಲಿ ಧ್ವನಿವರ್ಧಕ ವಾದ್ಯದ ಒಂದು ಭಾಗ. ಅಂಥ ಕೃತಿಯ ಮುಂದೆ ‘ನಾನು ಮೂರೇ ಮೈಕ್ ಇಡುವವನು’ ಎಂದು ಕುಳಿತರೆ ಅದು ಮಡಿವಂತಿಕೆ, ಸಂಗೀತವಲ್ಲ.

ಇನ್ನು ಸಭಾಂಗಣದ ಮಾತು. ಈ ಭಾಗದಲ್ಲಿ ಕೆಲಸ ಮಾಡುವವರಿಗೆ ಒಂದು ಪುಣ್ಯವಿದೆ: ಧ್ವನಿವರ್ಧಕ ಹುಟ್ಟುವ ಮೊದಲೇ ಕಟ್ಟಿದ ಒಳ್ಳೆಯ ಸಭಾಂಗಣಗಳು ಇನ್ನೂ ನಿಂತಿವೆ. ವುಸ್ಟರ್‌ನ ಮೆಕ್ಯಾನಿಕ್ಸ್ ಹಾಲ್ 1857ರದು. ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನಲ್ಲಿ ಬ್ಯಾಂಕಿನ ಕಟ್ಟಡದ ಮೇಲಂತಸ್ತಿನಲ್ಲಿರುವ ಸಂಗೀತ ಸಭಾಂಗಣ 1875ರದು. ಬಾಸ್ಟನ್‌ನ ಜೋರ್ಡನ್ ಹಾಲ್ 1903ರದು. ಮೆಕ್ಯಾನಿಕ್ಸ್ ಹಾಲ್ ನನಗೆ ಹೆಚ್ಚು ಇಷ್ಟವಾಗಲು ಕಾರಣ ಅದರ ಸಪಾಟು ನೆಲ. ಕುರ್ಚಿಗಳನ್ನು ಎತ್ತಿಬಿಟ್ಟರೆ ವಾದ್ಯವೃಂದವನ್ನು ವೇದಿಕೆಯಿಂದ ಕೆಳಗಿಳಿಸಿ ನಡುನೆಲದಲ್ಲಿ ಕೂರಿಸಬಹುದು. ವೇದಿಕೆ ಗಾಯಕರಿಗೆ ಖಾಲಿಯಾಗುತ್ತದೆ.

ಇದು ಏಕೆ ಮುಖ್ಯ ಎಂದು ಹೇಳಬೇಕು. ಕಚೇರಿಯಲ್ಲಿ ಗಾಯಕವೃಂದ ನಿಲ್ಲುವುದು ಎಲ್ಲರ ಹಿಂದೆ. ಅವರ ಮುಂದೆಯೇ ಟ್ರಂಪೆಟ್, ಟ್ರೊಂಬೋನ್ ಎಂಬ ಹಿತ್ತಾಳೆಯ ಊದುವಾದ್ಯಗಳು, ಟಿಂಪನಿ ಎಂಬ ನಗಾರಿ, ಜಾಗಟೆ, ಮರದ ಪಟ್ಟಿಗಳನ್ನು ಬಡಿದು ನುಡಿಸುವ ಮರಿಂಬಾ. ಇಪ್ಪತ್ತನೆಯ ಶತಮಾನದ ಕೊನೆಯಿಂದೀಚೆಗೆ ಅಮೆರಿಕದ ಸಂಯೋಜಕರಿಗೆ ತಾಳವಾದ್ಯದ ಮೇಲೆ ಎಲ್ಲಿಲ್ಲದ ಪ್ರೀತಿ. ನಾಲ್ಕು ಜನ ತಾಳವಾದ್ಯದವರು ಇಲ್ಲದ ಸ್ವರಲಿಪಿ ನನ್ನ ಮೇಜಿಗೆ ಬರುವುದೇ ಕಡಿಮೆ. ಗಾಯಕರಿಗೆಂದು ಇಟ್ಟ ಮೈಕಿಗೆ ಗಾಯಕರಿಗಿಂತ ಹತ್ತಿರದಲ್ಲಿ ಡ್ರಮ್ ಇರುತ್ತದೆ. ಸಾಹಿತ್ಯ ಕೇಳಿಸಲೆಂದು ಆ ಮೈಕನ್ನು ಏರಿಸಿದರೆ ಮೊದಲು ಏರುವುದು ಡ್ರಮ್ಮಿನ ಸದ್ದು. ಯಾವ ತಂತ್ರಾಂಶವೂ ಇದನ್ನು ಆಮೇಲೆ ಬಿಡಿಸಿಕೊಡಲಾರದು.

ಒಬ್ಬ ಸಂಯೋಜಕಿಯ ಕ್ಯಾಂಟಾಟಾವನ್ನು, ಅಂದರೆ ವಾದ್ಯಗಳೊಡನೆ ಹಾಡುವ ಹಲವು ಭಾಗಗಳ ಕೃತಿಯನ್ನು, ಮುದ್ರಿಸಿದ ರೀತಿಯನ್ನು ವಿವರವಾಗಿ ಹೇಳುತ್ತೇನೆ. ಅವರ ಹೆಸರು ಬೇಡ, ಇನ್ನೂ ಕೆಲಸ ಮಾಡುತ್ತಿರುವವರು. ವಿಟ್ಮನ್ ಪದ್ಯಗಳು, ಮಿಶ್ರ ಗಾಯಕವೃಂದ, ಪೂರ್ಣ ವಾದ್ಯವೃಂದ, ಪಿಯಾನೊ, ಹಾರ್ಪ್, ತಾಳವಾದ್ಯದ ಐವರು. ಮುದ್ರಣಕ್ಕೆ ಬಹಳ ಮುಂಚೆ ನಾನು ಸ್ವರಲಿಪಿ ಹಿಡಿದು ಕುಳಿತು ಒಂದೇ ಪ್ರಶ್ನೆ ಕೇಳಿಕೊಂಡೆ: ಗಾಯಕರು ಹಾಡುವಾಗ ಯಾರು ಯಾರು ಜೋರಾಗಿ ನುಡಿಸುತ್ತಿರುತ್ತಾರೆ? ಉತ್ತರ ಪುಟ ಪುಟದಲ್ಲೂ ಒಂದೇ ಇತ್ತು. ಬಾಸ್ ಡ್ರಮ್ ಮತ್ತು ಟ್ರೊಂಬೋನ್. ಹಾಗಾದರೆ ಅವರು ಗಾಯಕರ ಎದುರು ಇರಲೇಕೂಡದು. ಬಾಸ್ ಡ್ರಮ್ಮನ್ನು ಎಡಗೋಡೆಯ ಪಕ್ಕಕ್ಕೆ ಕಳುಹಿಸಿದೆವು. ಟ್ರೊಂಬೋನ್ ಬಲತುದಿಗೆ, ಅದರ ಅಗಲ ಬಾಯಿ ವಯೋಲಾಗಳ ಹಿಂದೆ ಅಡ್ಡಕ್ಕೆ ತಿರುಗುವಂತೆ. ಟಿಂಪನಿಯಿಂದ ಗಾಯಕರ ಮೊದಲ ಸಾಲಿಗೆ ನಾಲ್ಕೈದು ಮೀಟರ್ ಖಾಲಿ ನೆಲ ಬಿಟ್ಟೆವು. ನಕ್ಷೆ ನೋಡಿದ ಕೂಡಲೇ ಟ್ರೊಂಬೋನಿನ ಹಿರಿಯರು ಗೊಣಗಿದರು. ಪಕ್ಕದಲ್ಲಿ ಟ್ರಂಪೆಟ್ ಇಲ್ಲದೆ ಅವರಿಗೆ ಕೈ ಮುರಿದಂತೆ. ಅವರ ದೂರು ನ್ಯಾಯವೇ. ಎರಡು ಗುಂಪುಗಳ ನಡುವೆ ಯಾರೂ ಇಲ್ಲದಂತೆ ಮಾಡಿ, ಕಣ್ಣಿಗೆ ಕಣ್ಣು ಸಿಗುವಂತೆ ಕುರ್ಚಿ ತಿರುಗಿಸಿಕೊಟ್ಟ ಮೇಲೆ ಒಪ್ಪಿದರು.

ಖಾಲಿ ನೆಲಕ್ಕೆ ಬೆಲೆ ತೆರಬೇಕು. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಒಂದು ಮೀಟರಿಗೆ ಹತ್ತಿರ ಹತ್ತಿರ 3 ಮಿಲಿಸೆಕೆಂಡ್. ಕೋಲು ಹಿಡಿದು ವೃಂದವನ್ನು ನಡೆಸುವ ಕಂಡಕ್ಟರಿನಿಂದ 14 ಮೀಟರ್ ದೂರದ ಹಿಂದಿನ ಸಾಲಿನ ಗಾಯಕ ಮೊದಲ ವಯಲಿನ್ನನ್ನು ಕೇಳಿ ಹಾಡಿದರೆ 40 ಮಿಲಿಸೆಕೆಂಡ್ ತಡ. ಅವನ ದನಿ ಮುಂದೆ ಬರಲು ಇನ್ನೊಂದು 40. ನಿಧಾನದ ಹಾಡಿನಲ್ಲಿ ನಡೆದೀತು, ಓಡುವ ಲಯದಲ್ಲಿ ಇಡೀ ವೃಂದ ಎಳೆದಂತೆ ಕೇಳುತ್ತದೆ. ಇದಕ್ಕೆ ಮದ್ದು ಒಂದೇ. ಗಾಯಕರು ಕಿವಿಯನ್ನು ನಂಬದೆ ಕೋಲನ್ನು ನಂಬಬೇಕು. ಗಾಯಕವೃಂದದ ಶಿಕ್ಷಕರಿಗೆ ಇದನ್ನು ಮೊದಲ ತಾಲೀಮಿಗೂ ಮುಂಚೆ ಹೇಳಿಕಳುಹಿಸುತ್ತೇನೆ. ಹೇಳದಿದ್ದರೆ ಮುದ್ರಣದ ಮೊದಲ ಗಂಟೆ ಅದರಲ್ಲೇ ಕರಗುತ್ತದೆ, ಆ ಗಂಟೆಯ ಬೆಲೆ ಮುಂದೆ ಹೇಳುತ್ತೇನೆ.

ಕುರ್ಚಿ ಮುಗಿದ ಮೇಲೆ ಮೈಕ್. ಕಂಡಕ್ಟರಿನ ತಲೆಯ ಮೇಲೆ ಸುಮಾರು 3 ಮೀಟರ್ ಎತ್ತರದಲ್ಲಿ ಮೂರು ಮೈಕುಗಳ ತ್ರಿಕೋನ. ಲಂಡನ್ನಿನ ಡೆಕ್ಕಾ ಕಂಪನಿಯ ಎಂಜಿನಿಯರುಗಳು 1950ರ ದಶಕದಲ್ಲಿ ಕಂಡುಕೊಂಡ ಏರ್ಪಾಡು ಇದು. ಎಡಬಲದ ನಡುವೆ 2 ಮೀಟರ್, ನಡುವಿನದು ಒಂದೂವರೆ ಮೀಟರ್ ಮುಂದಕ್ಕೆ ಎಂಬುದು ರೂಢಿಯ ಅಳತೆ. ನಾನು ಸ್ವಲ್ಪ ಕಿರಿದಾಗಿಸುತ್ತೇನೆ. ಮೂರೂ ಎಲ್ಲ ದಿಕ್ಕಿನಿಂದ ಕೇಳುವ ಮೈಕುಗಳು, ಏಕೆಂದರೆ ಡಬಲ್ ಬಾಸಿನ ಆಳ ಅವುಗಳಲ್ಲಿ ಬಂದಂತೆ ಬೇರೆಯದರಲ್ಲಿ ಬಾರದು. ಪಕ್ಕಗಳಲ್ಲಿ ಇನ್ನೆರಡು. ಗಾಯಕರ ಮುಂದೆ ನಾಲ್ಕು, ಇವು ಮಾತ್ರ ಮುಂಬದಿ ಕೇಳಿ ಬೆನ್ನಬದಿಗೆ ಕಿವುಡಾದ ಜಾತಿಯವು. ಆ ಕಿವುಡು ಬೆನ್ನನ್ನು ಟ್ರಂಪೆಟ್ಟುಗಳ ಕಡೆಗೆ ಗುರಿಯಿಟ್ಟು ಹಿಡಿಯುವುದೇ ಇಲ್ಲಿನ ಕೌಶಲ. ಗಾಯಕರ ದನಿ ಯಾವ ಕೋನದಿಂದ ಬರುತ್ತದೆ ಎಂಬುದಕ್ಕಿಂತ ಹಿತ್ತಾಳೆಯ ದನಿ ಯಾವ ಕೋನದಿಂದ ಬರುತ್ತದೆ ಎಂದು ನೋಡಿ ಮೈಕ್ ತಿರುಗಿಸುತ್ತೇನೆ.

ಹಾರ್ಪ್, ಪಿಯಾನೊ, ಮರಿಂಬಾ, ಮರದ ಊದುವಾದ್ಯಗಳಿಗೆ ಬೇರೆ ಮೈಕುಗಳಿರುತ್ತವೆ. ಅವುಗಳನ್ನು ಕೇಳಿಸುವಷ್ಟು ತೆರೆಯುವುದಿಲ್ಲ. ಮುಚ್ಚಿದಾಗ ಏನೋ ಕಳೆದುಹೋಯಿತು ಅನ್ನಿಸಬೇಕು, ತೆರೆದಾಗ ಯಾವ ಮೈಕ್ ತೆರೆಯಿತು ಎಂದು ತಿಳಿಯಬಾರದು, ಅಷ್ಟೇ ಅಳತೆ. ದೂರದ ಪ್ರತಿಯೊಂದು ಮೈಕಿಗೂ ಲೇಸರ್ ಅಳತೆಗೋಲಿನಿಂದ ದೂರ ಅಳೆದು ಅದರ ಧ್ವನಿಯನ್ನು ಅಷ್ಟು ಮಿಲಿಸೆಕೆಂಡ್ ತಡೆಹಿಡಿಯುತ್ತೇನೆ, ಜೊತೆಗೆ ಒಂದಿಷ್ಟು ಹೆಚ್ಚೇ. ಹೀಗೆ ಮಾಡದಿದ್ದರೆ ಗಾಯಕರ ದನಿ ಮೊದಲು ಅವರ ಮೈಕಿನಿಂದಲೂ ಆಮೇಲೆ ನಡುವಿನ ತ್ರಿಕೋನದಿಂದಲೂ ಎರಡು ಬಾರಿ ಬಂದು, 90 ಜನ ನಮ್ಮ ಮೂಗಿನೆದುರೇ ನಿಂತಂತೆ ಕೇಳುತ್ತದೆ. ಅವರು ಹಿಂದೆ ನಿಂತಿದ್ದರೂ ಅವರ ಮಾತು ಮುಂದಕ್ಕೆ ಬರಬೇಕು; ಆ ಎರಡೂ ಒಟ್ಟಿಗೆ ಸಾಧಿಸುವುದು ಈ ತಡೆಯಿಂದ.

ದೂರವನ್ನೇ ರಾಗದಂತೆ ಬಳಸಿದವರೂ ಇದ್ದಾರೆ. ಚಾರ್ಲ್ಸ್ ಐವ್ಸ್‌ನ ನಾಲ್ಕನೆಯ ಸಿಂಫನಿ ಪೂರ್ತಿಯಾಗಿ ಮೊದಲು ಕೇಳಿದ್ದು 1965ರಲ್ಲಿ, ಆತ ತೀರಿಕೊಂಡು ಸುಮಾರು ಹನ್ನೊಂದು ವರ್ಷವಾದ ಮೇಲೆ. ಅದನ್ನು ನಡೆಸಿದ ಹೆಸರಾಂತ ಕಂಡಕ್ಟರ್ ಸ್ಟೊಕೋವ್‌ಸ್ಕಿಯಂಥವರಿಗೂ ಇಬ್ಬರು ಸಹಾಯಕ ಕಂಡಕ್ಟರುಗಳು ಬೇಕಾದರು. ಅದರ ಮೊದಲ ಭಾಗದಲ್ಲಿ ಗಾಯಕರಿಗೆ ಸಾಹಿತ್ಯವಿದೆ, ಕೊನೆಯ ಭಾಗದಲ್ಲಿ ಪದವೇ ಇಲ್ಲದ ದನಿ ಮಾತ್ರ. ಒಂದೇ ಗಾಯಕವೃಂದ ಒಂದು ಕಡೆ ಅರ್ಥವಾಗಬೇಕು, ಇನ್ನೊಂದು ಕಡೆ ಆವಿಯಾಗಬೇಕು. ಅಂಥ ಕೃತಿ ಸಿಕ್ಕರೆ ನಾನು ಮೈಕುಗಳ ಮಟ್ಟ ಬದಲಿಸಿ ಆಟವಾಡುವುದಿಲ್ಲ. ಎರಡನೆಯ ಸರದಿಗೆ ಗಾಯಕರನ್ನೇ ಬಾಲ್ಕನಿಗೆ ಕಳುಹಿಸುತ್ತೇನೆ.

ಸದ್ದಿನ ವಿಷಯ ಸಣ್ಣದೆಂದು ಕಾಣುತ್ತದೆ, ಅದರಲ್ಲಿ ಕಳೆಯುವ ಹೊತ್ತು ಸಣ್ಣದಲ್ಲ. ಗಾಳಿಯಂತ್ರ ನಿಲ್ಲಿಸಬೇಕು, ಬೇಸಿಗೆಯಾದರೆ ಅರ್ಧ ಗಂಟೆಗೆ ಎಲ್ಲರೂ ಬೆವರುತ್ತಾರೆ. ಚಳಿಗಾಲದಲ್ಲಿ ಹಳೆಯ ಕಟ್ಟಡಗಳ ಉಗಿಕೊಳವೆಗಳು ಬಿಸಿಯಾಗುವಾಗ ಟಕಟಕ ಎನ್ನುತ್ತವೆ. ಒಂದು ಚರ್ಚಿನಲ್ಲಿ ಅದು ಕೃತಿಯ ಲಯಕ್ಕೆ ತೀರಾ ಹತ್ತಿರವಾಗಿ ಕಂಡಕ್ಟರ್ ನಕ್ಕುಬಿಟ್ಟರು. ಬೀದಿಯ ಆಂಬುಲೆನ್ಸ್ ಬಂದರೆ ಕಾಯುವುದು. ಗಾಯಕರ ಮೆಟ್ಟಿಲುಹಲಗೆಗಳು ಕಿರುಗುಟ್ಟದಂತೆ ಜಮಖಾನ ಹಾಸುತ್ತೇನೆ, ಬೂಟು ಬಿಚ್ಚಿಸುತ್ತೇನೆ. 90 ಜನ ಒಟ್ಟಿಗೆ ಪುಟ ತಿರುಗಿಸಿದರೆ ಅದು ಸಮುದ್ರದ ಅಲೆಯೇ. ಆದ್ದರಿಂದ ಮೆಲುದನಿಯ ಜಾಗದಲ್ಲಿ ಪುಟ ತಿರುಗದಂತೆ ಆ ಒಂದೆರಡು ಪುಟಗಳ ನಕಲು ತೆಗೆದು ಮೊದಲೇ ಪಕ್ಕಕ್ಕೆ ಅಂಟಿಸಿಕೊಡುತ್ತೇವೆ.

ಆದರೆ ಈ ಸಂಗೀತದಲ್ಲಿ ಯಾವುದು ಸದ್ದು, ಯಾವುದು ಸ್ವರ ಎಂದು ಕೇಳಿಯೇ ಕೈ ಹಾಕಬೇಕು. 1911ರ, ನ್ಯೂಯಾರ್ಕಿನ ಉಡುಪು ಹೊಲಿಯುವ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಯ ಬೆಂಕಿಯಲ್ಲಿ ಸತ್ತವರು 146 ಜನ. ಆ ದುರಂತದ ಮೇಲೆ ಜೂಲಿಯಾ ವುಲ್ಫ್ ಬರೆದ ‘ಫೈರ್ ಇನ್ ಮೈ ಮೌತ್’ ಅನ್ನು 2019ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮಾನಿಕ್ ಜೊತೆ ಹಾಡಿದ್ದು 146 ಮಹಿಳೆಯರು ಮತ್ತು ಹುಡುಗಿಯರು. ಅವರ ಕೈಯ ಕತ್ತರಿಗಳ ಸದ್ದೂ ಅದರಲ್ಲಿ ಸಂಗೀತ. 2013ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಕ್ಯಾರೊಲೈನ್ ಷಾ ಅವರ ಎಂಟು ದನಿಗಳ ‘ಪಾರ್ಟೀಟಾ’ದಲ್ಲಿ ಉಸಿರು, ಪಿಸುಮಾತು, ಆಡುಮಾತು ಎಲ್ಲವೂ ಬರೆದದ್ದೇ. ಬೆಂಗಳೂರಿನಲ್ಲಿ ಉಸಿರಿನ ಸದ್ದನ್ನು ಕತ್ತರಿಸಿ ತೆಗೆದು ಶಭಾಸ್ ಅನ್ನಿಸಿಕೊಳ್ಳುತ್ತಿದ್ದ ನನ್ನಂಥವನಿಗೆ ಇಲ್ಲಿ ಕತ್ತರಿ ಕೆಳಗಿಡುವುದೇ ಹೊಸ ವಿದ್ಯೆ.

ಇಂಗ್ಲಿಷ್ ಹಾಡನ್ನು ಗುಂಪಿನಲ್ಲಿ ಹಾಡಿಸುವುದರಲ್ಲಿ ಕನ್ನಡದವರಿಗೆ ಹೊಳೆಯದ ಒಂದು ತೊಡಕಿದೆ. ನಮ್ಮ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತವೆ. ಕೊನೆಗೆ ಬಾಯಿ ತೆರೆದೇ ಇರುತ್ತದೆ, ದನಿ ತಾನಾಗಿ ಕರಗುತ್ತದೆ. ಇಂಗ್ಲಿಷಿನ ಪದ ಟ್, ಸ್, ಡ್ ಎಂದು ಬಡಿದು ಮುಚ್ಚಿಕೊಳ್ಳುತ್ತದೆ. 90 ಜನರ ‘ಟ್’ ಒಂದೇ ಕ್ಷಣಕ್ಕೆ ಬೀಳದಿದ್ದರೆ ತಗಡಿನ ಮೇಲೆ ಅಕ್ಕಿ ಚೆಲ್ಲಿದ ಸದ್ದು. ‘ಸ್’ ಇನ್ನೂ ಕೆಟ್ಟದು, ಅದು ಮೈಕಿಗೆ ಬಲು ಪ್ರಿಯ. ಒಳ್ಳೆಯ ಶಿಕ್ಷಕರು ಕೊನೆಯ ‘ಸ್’ ಅನ್ನು ನಾಲ್ಕೈದು ಜನರಿಗೆ ಮಾತ್ರ ವಹಿಸಿ ಉಳಿದವರನ್ನು ಸುಮ್ಮನಿರಿಸುತ್ತಾರೆ. ಮುದ್ರಣದಲ್ಲಿ ನಾನು ಇದನ್ನು ಬೇಡಿಕೊಂಡೇ ಮಾಡಿಸುತ್ತೇನೆ. ಜಾನ್ ಆ್ಯಡಮ್ಸ್‌ನ ‘ಹಾರ್ಮೋನಿಯಂ’ ಒಂದೇ ಸ್ವರದ ಮೇಲೆ, ಒಂದೇ ಉಚ್ಚಾರವನ್ನು ಮಿಡಿಯುತ್ತಾ ಹೊರಡುತ್ತದೆ. ಅಂಥಲ್ಲಿ ಸಭಾಂಗಣದ ಅನುರಣನ ಹೆಚ್ಚಾದರೆ ಮಿಡಿತ ಅಳಿಸಿಹೋಗಿ ಬರಿಯ ಮಂಜು ಉಳಿಯುತ್ತದೆ. ಪ್ರೇಕ್ಷಕರಿಲ್ಲದ ಖಾಲಿ ಸಭಾಂಗಣ ಮೊದಲೇ ಹೆಚ್ಚು ಗುಂಯ್‌ಗುಟ್ಟುವುದರಿಂದ ಬಾಲ್ಕನಿಯ ಕಟಕಟೆಗೆ ದಪ್ಪ ಬಟ್ಟೆ ಇಳಿಬಿಡುತ್ತೇನೆ.

ವಾದ್ಯವಿಲ್ಲದೆ ಹಾಡುವ ಕೃತಿಗಳಲ್ಲಿ ಶ್ರುತಿಯದೇ ಚಿಂತೆ. ಕೋಪ್ಲೆಂಡ್ 1947ರಲ್ಲಿ ಬರೆದ ‘ಇನ್ ದ ಬಿಗಿನಿಂಗ್’ ಕಾಲು ಗಂಟೆಗೂ ಹೆಚ್ಚು ಹೊತ್ತು ಯಾವ ವಾದ್ಯದ ನೆರವೂ ಇಲ್ಲದೆ ಶ್ರುತಿಯಿಂದ ಶ್ರುತಿಗೆ ಜಾರುತ್ತಾ ಹೋಗುತ್ತದೆ. ಒಂದು ವಿಶ್ವವಿದ್ಯಾಲಯದ ವೃಂದದೊಡನೆ ಅದನ್ನು ಮುದ್ರಿಸುವಾಗ ನಾನು ಮಾಡಿದ ಕ್ರಮ ಇದು. ಮೊದಲ ಪೂರ್ತಿ ಟೇಕ್‌ನಲ್ಲಿ ಯಾವ ಯಾವ ನಿಲುಗಡೆಯಲ್ಲಿ ಶ್ರುತಿ ಎಷ್ಟು ಇಳಿದಿದೆ ಎಂದು ಬರೆದುಕೊಂಡೆ. ನಡುವಿನ ತುಂಡನ್ನು ಮತ್ತೆ ಹಾಡಿಸುವಾಗ ಪಿಯಾನೊದ ಶುದ್ಧ ಸ್ವರ ಕೊಟ್ಟರೆ ಆ ತುಂಡು ಹಿಂದುಮುಂದಿನದಕ್ಕೆ ಕೂಡುವುದಿಲ್ಲ, ಬೆಸುಗೆಯ ಕಡೆ ನೆಲ ಕುಸಿದಂತೆ ಕೇಳುತ್ತದೆ. ಆದ್ದರಿಂದ ಬೇಕಾದ ಜಾಗಕ್ಕಿಂತ ಬಹಳ ಹಿಂದಿನಿಂದ ಹಾಡಿಸಿ, ಅದೇ ಇಳಿತಕ್ಕೆ ತಾನಾಗಿ ಬಂದು ಸೇರುವಂತೆ ಮಾಡಿದೆವು. ತಂತ್ರಾಂಶದಲ್ಲಿ ಶ್ರುತಿ ಎತ್ತಬಹುದಲ್ಲ ಎಂದು ಕೇಳುವವರಿದ್ದಾರೆ. ಎತ್ತಬಹುದು, ಕೂದಲೆಳೆಯಷ್ಟು. ಅದಕ್ಕಿಂತ ಎತ್ತಿದರೆ ಗಂಟಲು ಬದಲಾಗುತ್ತದೆ.

ಈಗ ಗಂಟೆಯ ಬೆಲೆ. ಅಮೆರಿಕದ ವೃತ್ತಿಪರ ವಾದಕರು ಒಕ್ಕೂಟದ ಸದಸ್ಯರು. ಅವಧಿ ಎಷ್ಟು, ಗಂಟೆಗೆ ಎಷ್ಟು ಹೊತ್ತು ವಿರಾಮ ಎಂಬುದೆಲ್ಲ ಕರಾರಿನಲ್ಲಿ ಇರುತ್ತದೆ. ಗಡಿಯಾರ ಹಿಡಿದು ನಿಲ್ಲುವವರೊಬ್ಬರು ಇರುತ್ತಾರೆ. ಅವರು ಕೈ ಎತ್ತಿದರೆ ಸ್ವರದ ನಡುವೆ ಇದ್ದರೂ ಮುಗಿಯಿತು. ನನಗೆ ಇದರಲ್ಲಿ ತಕರಾರಿಲ್ಲ, ತುಟಿ ಮತ್ತು ಭುಜಗಳು ಅವರವು. ದೊಡ್ಡ ಗಾಯಕವೃಂದಗಳಲ್ಲಿ ಹೆಚ್ಚಿನವು ಮಾತ್ರ ಸ್ವಯಂಸೇವಕರವು. 1970ರಲ್ಲಿ ಶುರುವಾದ, ಬಾಸ್ಟನ್ ಸಿಂಫನಿಯೊಡನೆ ಹಾಡುವ ಟ್ಯಾಂಗಲ್‌ವುಡ್ ಫೆಸ್ಟಿವಲ್ ಕೋರಸ್ ಕೂಡ ಅಂಥದ್ದೇ. ಹಗಲು ವಕೀಲಿ, ದಾದಿ ಕೆಲಸ, ಪಾಠ ಮಾಡುವವರು ಸಂಜೆ ಬಂದು ಹಾಡುತ್ತಾರೆ. ಸಂಬಳದ ವಾದಕರಿಗೂ ಸಂಬಳವಿಲ್ಲದ ಗಾಯಕರಿಗೂ ಹೊಂದುವ ಹೊತ್ತು ಹುಡುಕುವುದು ಮೈಕ್ ಹುಡುಕುವುದಕ್ಕಿಂತ ಕಷ್ಟ. ಸಾಮಾನ್ಯವಾಗಿ ಶನಿವಾರವೇ ಗತಿ.

ಹಾಗಾಗಿ ಕೃತಿಯ ಕ್ರಮದಲ್ಲಿ ಮುದ್ರಿಸುವುದಿಲ್ಲ. ಮೇಲುದನಿಯ ಗಾಯಕಿಯರಾದ ಸೊಪ್ರಾನೊಗಳ ಎತ್ತರದ ಜಾಗಗಳು ಮೊದಲು, ಗಂಟಲು ಹಸಿಯಾಗಿರುವಾಗ. ಗಾಯಕರಿಲ್ಲದ ವಾದ್ಯಭಾಗಗಳು ಅವರ ವಿರಾಮದಲ್ಲಿ. ಪ್ರತಿ ಭಾಗದಲ್ಲೂ ಮೊದಲು ಉದ್ದದ ಟೇಕ್, ಆಮೇಲೆ ತೇಪೆ. ನನ್ನ ಪಕ್ಕ ಕುಳಿತ ನಿರ್ಮಾಪಕಿ ಸ್ವರಲಿಪಿಯ ಮೇಲೆ ಬಣ್ಣದ ಪೆನ್ಸಿಲಿನಿಂದ ಪ್ರತಿ ಟೇಕ್‌ನ ಗೆರೆ ಎಳೆಯುತ್ತಾ ಹೋಗುತ್ತಾರೆ. ಗೆರೆಯಿಲ್ಲದ ಒಂದು ಬಾರ್, ಅಂದರೆ ಸ್ವರಲಿಪಿಯಲ್ಲಿ ತಾಳದ ಒಂದು ಅಂಕಣ, ಉಳಿದರೂ ಯಾರನ್ನೂ ಮನೆಗೆ ಕಳುಹಿಸುವಂತಿಲ್ಲ. ತಪ್ಪು ನುಡಿಸಿದವರ ಹೆಸರನ್ನು ಅವರು ಎಲ್ಲರಿಗೂ ಕೇಳುವ ಸ್ಪೀಕರಿನಲ್ಲಿ ಹೇಳುವುದಿಲ್ಲ. ಕಂಡಕ್ಟರಿನ ಪಕ್ಕದ ದೂರವಾಣಿಗೆ ಕರೆ ಮಾಡಿ ಮೆಲ್ಲಗೆ ಹೇಳುತ್ತಾರೆ. ಈ ಮರ್ಯಾದೆ ಮುರಿದ ದಿನ ಎರಡನೆಯ ಅವಧಿ ಹೇಗೆ ನಡೆಯುತ್ತದೆ ಎಂದು ನಾನು ಕಂಡಿದ್ದೇನೆ. ಎಲ್ಲರೂ ತಪ್ಪಿಲ್ಲದೆ ನುಡಿಸುತ್ತಾರೆ, ಯಾರೂ ಸಂಗೀತ ನುಡಿಸುವುದಿಲ್ಲ.

ಬೆಸುಗೆಗೆ ಬಗ್ಗದ ಸಂಗೀತವೂ ಇದೆ. ಇಲ್ಲಿಯೇ ಬಾಸ್ಟನ್ ಪಕ್ಕದ ಸಮರ್‌ವಿಲ್‌ನಲ್ಲಿ 1911ರಲ್ಲಿ ಹುಟ್ಟಿದ ಸಂಯೋಜಕ ಅಲನ್ ಹೊವಾನೆಸ್ ಆ ಬಗೆಯವರು. 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಭಾರತಕ್ಕೆ ಬಂದು ಮದ್ರಾಸಿನಲ್ಲಿ ಕರ್ನಾಟಕ ಸಂಗೀತ ಅಭ್ಯಾಸ ಮಾಡಿದವರು ಎಂಬ ಕಾರಣಕ್ಕೆ ನನಗೆ ಅವರ ಮೇಲೆ ಒಂದು ಮುಷ್ಟಿ ಹೆಚ್ಚು ಪ್ರೀತಿ. ಭಾರತಕ್ಕೆ ಬರುವ ಮುಂಚೆಯೇ, 1958ರ ‘ಮ್ಯಾಗ್ನಿಫಿಕಾಟ್’ನಲ್ಲಿ, ಅವರು ವಾದಕರಿಗೆ ಕೆಲವು ಕಡೆ ತಾಳವನ್ನೇ ಬಿಟ್ಟುಕೊಟ್ಟಿದ್ದಾರೆ. ಒಂದೇ ಸಣ್ಣ ಸಂಚಾರವನ್ನು ಪ್ರತಿಯೊಬ್ಬರೂ ತಮ್ಮದೇ ವೇಗದಲ್ಲಿ, ಪಕ್ಕದವರಿಗೆ ಸೇರದಂತೆ, ಮತ್ತೆ ಮತ್ತೆ ನುಡಿಸಬೇಕು. ಕೇಳಿದರೆ ದೂರದ ಜೇನುಗೂಡಿನ ಮೊರೆತ. ಎರಡು ಟೇಕ್‌ಗಳಲ್ಲಿ ಅದು ಒಂದೇ ರೀತಿ ಬರುವ ಸಾಧ್ಯತೆಯೇ ಇಲ್ಲ, ಹಾಗಾಗಿ ಸ್ವರಕ್ಕೆ ಸ್ವರ ಜೋಡಿಸಿ ಕತ್ತರಿಸಲಾಗದು. ಅದರ ಮೇಲೆ ಗಾಯಕರು ಬರುವ ಜಾಗವನ್ನು ಆರಿಸಿಕೊಂಡು, ಮೊರೆತವನ್ನು ಹಲವು ಸೆಕೆಂಡುಗಳಷ್ಟು ಉದ್ದಕ್ಕೆ ಒಂದರೊಳಗೊಂದು ಕರಗಿಸುವುದೊಂದೇ ದಾರಿ. ತಾಳಕ್ಕೆ ಕಟ್ಟಿದ ಸಂಗೀತದಲ್ಲಿ ಬೆಸುಗೆ ಕೆಲವೇ ಮಿಲಿಸೆಕೆಂಡ್ ಸಾಕು. ಆಲಾಪನೆಯನ್ನು ಕತ್ತರಿಸಿ ಬಲ್ಲವರಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಮೊದಲೇ ಮುದ್ರಿಸಿಟ್ಟ ಧ್ವನಿಯನ್ನು ಸ್ವರಲಿಪಿಯೊಳಗೆ ತಂದ ಕೃತಿಗಳು ಬೇರೆ ತಲೆನೋವು. ಸೆಪ್ಟೆಂಬರ್ 11ರ ಮೃತರನ್ನು ನೆನೆದು ಜಾನ್ ಆ್ಯಡಮ್ಸ್ 2002ರಲ್ಲಿ ಬರೆದ ‘ಆನ್ ದ ಟ್ರಾನ್ಸ್‌ಮೈಗ್ರೇಷನ್ ಆಫ್ ಸೋಲ್ಸ್’ನಲ್ಲಿ ಬೀದಿಯ ಸದ್ದು, ಹೆಸರುಗಳನ್ನು ಓದುವ ದನಿಗಳು ಬರುತ್ತವೆ. ಇಂಥ ಧ್ವನಿಯನ್ನು ಸಭಾಂಗಣದ ಸ್ಪೀಕರಿನಲ್ಲಿ ನುಡಿಸಿದರೆ ಅದು ಎಲ್ಲ ಮೈಕಿಗೂ ನುಗ್ಗುತ್ತದೆ, ಆಮೇಲೆ ಒಂದು ಬಾರನ್ನೂ ಕತ್ತರಿಸಲಾಗದು. ನುಡಿಸದಿದ್ದರೆ ಹಾಡುವವರು ಯಾರ ಜೊತೆ ಹಾಡಬೇಕು? ನನ್ನ ಪಾಲಿಗೆ ಇಂಥ ಕೃತಿ ಬಂದಾಗ ಕಂಡಕ್ಟರಿಗೂ ನಾಲ್ಕಾರು ಮುಖ್ಯರಿಗೂ ಒಂದೇ ಕಿವಿಗೆ ಹೆಡ್‌ಫೋನ್ ಕೊಡುತ್ತೇನೆ. ಉಳಿದವರಿಗೆ ಮುಂಚಿನ ದಿನ ಇಡೀ ಧ್ವನಿಯನ್ನು ಜೋರಾಗಿ ಕೇಳಿಸಿ, ಯಾವುದರ ನಡುವೆ ಹಾಡುತ್ತಿದ್ದೇವೆ ಎಂಬುದು ಮನಸ್ಸಿನಲ್ಲಿ ಕೂರುವಂತೆ ಮಾಡುತ್ತೇನೆ.

ದುಡ್ಡು ಎಲ್ಲಿಂದ ಎಂದು ಊರಿಗೆ ಹೋದಾಗಲೆಲ್ಲ ಕೇಳುತ್ತಾರೆ. ಮಾರಾಟದಿಂದಂತೂ ಅಲ್ಲ, ಎಂದೂ ಅಲ್ಲ. 1953ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಲೂಯಿವಿಲ್ ವಾದ್ಯವೃಂದಕ್ಕೆ ಹೊಸ ಕೃತಿಗಳನ್ನು ಬರೆಸಿ ಮುದ್ರಿಸಲೆಂದು 4 ಲಕ್ಷ ಡಾಲರ್ ಕೊಟ್ಟಿತು. ಮರುವರ್ಷ ಸಂಯೋಜಕರೇ ಸೇರಿ ಕಂಪೋಸರ್ಸ್ ರೆಕಾರ್ಡಿಂಗ್ಸ್ ಎಂಬ ಸಂಸ್ಥೆ ಕಟ್ಟಿದರು; ಅದು 2003ರಲ್ಲಿ ಮುಚ್ಚಿದಾಗ ಅದರ ಭಂಡಾರವನ್ನು ನ್ಯೂ ವರ್ಲ್ಡ್ ರೆಕಾರ್ಡ್ಸ್ ವಹಿಸಿಕೊಂಡಿತು. ಬಾಸ್ಟನ್ ಮಾಡರ್ನ್ ಆರ್ಕೆಸ್ಟ್ರಾ ಪ್ರಾಜೆಕ್ಟ್ 1996ರಲ್ಲಿ ಹುಟ್ಟಿ 2008ರಿಂದ ತನ್ನದೇ ಧ್ವನಿಮುದ್ರಿಕೆಗಳನ್ನು ತರುತ್ತಿದೆ. ಇಂಥ ಕೆಲಸಕ್ಕೆ ಕೋಪ್ಲೆಂಡ್ ನಿಧಿ, ಡಿಟ್ಸನ್ ನಿಧಿಗಳಂಥವು ನೆರವಾಗುತ್ತವೆ. ಅಷ್ಟೂ ಸಾಲದೆ ಎಷ್ಟೋ ಅಮೆರಿಕನ್ ಕೃತಿಗಳು ಸ್ಕಾಟ್ಲೆಂಡಿನಲ್ಲಿ, ಉಕ್ರೇನಿನಲ್ಲಿ ಮುದ್ರಣವಾಗಿವೆ. ಅವುಗಳಲ್ಲಿ ಬಹಳ ಚೆನ್ನಾಗಿರುವವೂ ಇವೆ. ಆದರೆ ಇಂಗ್ಲಿಷ್ ಸಾಹಿತ್ಯದ ಗಾಯನವನ್ನು ಇಂಗ್ಲಿಷ್ ಆಡದ ಊರಿಗೆ ಒಯ್ಯುವುದು ನನಗೆ ಒಪ್ಪಿಗೆಯಿಲ್ಲ, ಎಷ್ಟೇ ಅಗ್ಗವಾದರೂ.

ಕ್ಯಾಂಟಾಟಾದ ಸಂಯೋಜಕಿ ಎರಡೂ ದಿನ ನಮ್ಮ ಕೋಣೆಯಲ್ಲಿ ಕುಳಿತಿದ್ದರು. ಬರೆದವರು ಪಕ್ಕದಲ್ಲಿರುವುದು ಈ ಕಸುಬಿನ ಭಾಗ್ಯವೂ ಹೌದು, ಕಾಟವೂ ಹೌದು. ತಾವು ಬರೆದ ಪ್ರತಿಯೊಂದು ಸ್ವರವೂ ಕೇಳಿಸಬೇಕೆಂದು ಅವರಿಗೆ ಆಸೆ. ‘ಮರಿಂಬಾ ಇನ್ನೂ ಸ್ವಲ್ಪ’ ಎಂದು ಮತ್ತೆ ಮತ್ತೆ ಹೇಳಿದರು. ಎತ್ತಿದೆ. ಆಗ ಕೆಳದನಿಯ ಗಾಯಕಿಯರಾದ ಆಲ್ಟೊಗಳ ಸಾಹಿತ್ಯ ಮುಳುಗಿತು. ಎರಡನ್ನೂ ಒಂದಾದ ಮೇಲೊಂದು ಅವರಿಗೆ ಕೇಳಿಸಿದೆ, ನಾನೇನೂ ಹೇಳಲಿಲ್ಲ. ಅವರು ಸ್ವರಲಿಪಿ ತೆರೆದು ಮರಿಂಬಾ ಎಷ್ಟು ಜೋರಾಗಿರಬೇಕೆಂಬ ಗುರುತನ್ನೇ ಹೊಡೆದುಹಾಕಿ ಮೆಲ್ಲಗೆ ಎಂದು ಬರೆದು, ತಾಳವಾದ್ಯದವರಿಗೆ ಹೇಳಿಕಳುಹಿಸಿದರು. ನಾನು ಮೈಕ್ ಇಳಿಸುವ ಅಗತ್ಯವೇ ಬೀಳಲಿಲ್ಲ.

ಅದೇ ಮಧ್ಯಾಹ್ನ ವಯೋಲಾದ ಹಿಂದಿನ ಸಾಲಿನಿಂದ ಒಬ್ಬರು ಕೈ ಎತ್ತಿ, ಮೂರನೆಯ ಭಾಗದ ಒಂದು ಬಾರಿನಲ್ಲಿ ಬಿ ಸ್ವರವೋ ಅದರ ಕೋಮಲವೋ ಎಂದು ಕೇಳಿದರು. ಕಂಡಕ್ಟರಿನ ಸ್ವರಲಿಪಿಯಲ್ಲಿ ಒಂದು, ವಾದಕರ ಪ್ರತಿಯಲ್ಲಿ ಇನ್ನೊಂದು. ಕಚೇರಿಗಳಲ್ಲಿ ಯಾರ ಗಮನಕ್ಕೂ ಬಾರದೆ ಅರ್ಧ ಜನ ಒಂದನ್ನೂ ಅರ್ಧ ಜನ ಇನ್ನೊಂದನ್ನೂ ನುಡಿಸಿದ್ದರು. ಸಂಯೋಜಕಿ ಕೈಬರಹದ ಪ್ರತಿ ತೆಗೆದು ನೋಡಿ ಕೋಮಲ ಎಂದು ತೀರ್ಪು ಕೊಟ್ಟರು. ಇಂಥವು ಸಂಜೆಯ ಹೊತ್ತಿಗೆ ಒಂದು ಪುಟ ತುಂಬಿದವು. ನಿರ್ಮಾಪಕಿ ಅದನ್ನು ಬೆರಳಚ್ಚು ಮಾಡಿ ಪ್ರಕಾಶಕರಿಗೆ ಕಳುಹಿಸಿದರು. ಇಲ್ಲಿ ಹೊಸ ಕೃತಿಗಳ ವಾದ್ಯಪ್ರತಿಗಳು ಸಾಮಾನ್ಯವಾಗಿ ಬಾಡಿಗೆಗೆ ಸಿಗುವಂಥವು. ಒಂದು ವೃಂದ ನುಡಿಸಿ ಹಿಂತಿರುಗಿಸಿದ ಪ್ರತಿಯೇ ಮುಂದಿನವರಿಗೆ ಹೋಗುತ್ತದೆ. ಮರಿಂಬಾದ ಪುಟದಲ್ಲಿ ಹೊಸ ಗುರುತು ಬಂದಿದೆಯಂತೆ. ವಯೋಲಾದ್ದು ಹಾಗೆಯೇ ಇದೆ. ಕಳೆದ ಚಳಿಗಾಲದಲ್ಲಿ ಇನ್ನೊಂದು ವೃಂದದ ಗ್ರಂಥಪಾಲಕರು, ನಿಮ್ಮ ಮುದ್ರಣದಲ್ಲಿ ಕೋಮಲ ಕೇಳುತ್ತದೆ, ನಮ್ಮ ಪ್ರತಿಯಲ್ಲಿ ಇಲ್ಲ, ಯಾವುದು ಸರಿ ಎಂದು ಇಮೇಲ್ ಬರೆದರು. ಆ ಒಂದು ಪುಟವನ್ನು ಅವರಿಗೂ ಕಳುಹಿಸಿದೆ, ಜೊತೆಗೆ ಕುರ್ಚಿಗಳ ನಕ್ಷೆಯನ್ನೂ.